ದೂಷಣೆಯನ್ನು ಬಿಟ್ಟು ಕಾರಣವನ್ನು ಅರಸೋಣ



ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಒಂದೇ ಸೂರಿನ ಕೆಳಗೆ ಬಾಳುವ ಇಬ್ಬರಲ್ಲಿ ಭಿನ್ನಾಭಿಪ್ರಾಯ ಬರುವುದು ಸಹಜ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದೋ, ಸಂತೆಯಿಂದ ಬರುವುದು ತಡವಾಯಿತೆಂದೋ ಹುಟ್ಟಿದ ಮುನಿಸು ಬೆಳಗಾಗುವಷ್ಟರಲ್ಲಿ ಕರಗಿ ಹೋಗುತ್ತದೆ. ಆದರೆ ಉಂಡು ಮಲಗಿದರೂ ಕರಗದ ಒಂದು ಬಗೆಯ ಮಾತು ಉಂಟು. ಅದೇ ದೂಷಣೆ. "ನಿನ್ನಿಂದಲೇ ಹೀಗಾಯಿತು" ಎಂಬ ಒಂದು ಮಾತು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದು ಆರೋಗ್ಯವನ್ನೂ ಸಂಸಾರವನ್ನೂ ಕೆಡಿಸಬಲ್ಲದು.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಆಸ್ಪತ್ರೆಗಳಿಗೆ ಬರುವ ದಂಪತಿಗಳ ತೊಂದರೆಗಳಲ್ಲಿ ಅನೇಕವು ದೂಷಣೆಯೊಡನೆ ಹೆಣೆದುಕೊಂಡಿರುತ್ತವೆ. ಹೆಣ್ಣು ಮಗು ಹುಟ್ಟಿದರೆ ಹೆಂಡತಿಯ ಮೇಲೆ ದೂರು. ಮಗುವೇ ಆಗದಿದ್ದರೂ ಅವಳ ಮೇಲೆಯೇ ದೂರು. ಈ ದೂರುಗಳಿಂದ ರೋಗದ ನಿಜವಾದ ಕಾರಣ ಮರೆಯಾಗುತ್ತದೆ, ಚಿಕಿತ್ಸೆ ತಡವಾಗುತ್ತದೆ. ಆದುದರಿಂದ ಈ ವಿಷಯವು ಕುಟುಂಬ ಕಲ್ಯಾಣದ ಪಾಠಗಳಲ್ಲಿ ಸೇರತಕ್ಕದ್ದಾಗಿದೆ.

ನಮ್ಮ ಸೀಮೆಯಲ್ಲಿ ಎಲ್ಲ ಮತಧರ್ಮದವರೂ ಬಾಳುತ್ತಿದ್ದಾರೆ. ಅವರಲ್ಲಿ ಕ್ರೈಸ್ತ ಕುಟುಂಬಗಳೂ ಇವೆ. ಮೆಥೊಡಿಸ್ಟ್ ಸಭೆಗೆ ಸೇರಿದವರು ಕೆಲವರು, 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ಸೇರಿದವರು ಕೆಲವರು. ಈ ಪಾಠವನ್ನು ಮುಖ್ಯವಾಗಿ ಅಂಥ ದಂಪತಿಗಳನ್ನು ಉದ್ದೇಶಿಸಿ ಬರೆಯಲಾಗಿದೆ. ಆದರೆ ಶರೀರದ ನಿಯಮಗಳು ಎಲ್ಲರಿಗೂ ಒಂದೇ ಆಗಿರುವುದರಿಂದ ಉಳಿದವರೂ ಇದನ್ನು ಓದಿ ಪ್ರಯೋಜನ ಪಡೆಯಬಹುದು.

1. ತಕರಾರು ಬೇರೆ, ದೂಷಣೆ ಬೇರೆ

ಸಂಸಾರದಲ್ಲಿ ತಪ್ಪನ್ನು ತೋರಿಸಲೇಬಾರದೆಂದು ಇದರ ಅರ್ಥವಲ್ಲ. ತಪ್ಪನ್ನು ತೋರಿಸುವ ಕ್ರಮ ಮುಖ್ಯ. ಈ ಎರಡು ಮಾತುಗಳನ್ನು ಹೋಲಿಸಿ ನೋಡಿರಿ.

"ಈ ವಾರದ ಕೂಲಿಯಲ್ಲಿ ಇನ್ನೂರು ರೂಪಾಯಿ ಕಡಿಮೆ ಇದೆ. ಯಾವುದಕ್ಕೆ ಖರ್ಚಾಯಿತು?"

"ನಿಮ್ಮ ಕೈಯಲ್ಲಿ ದುಡ್ಡು ಎಂದಾದರೂ ನಿಂತದ್ದುಂಟೆ? ನಿಮ್ಮ ಮನೆತನವೇ ಅಂಥದ್ದು."

ಮೊದಲನೆಯ ಮಾತು ನಡೆದ ಸಂಗತಿಯನ್ನು ಕುರಿತದ್ದು. ಅದಕ್ಕೆ ಉತ್ತರ ಕೊಡಬಹುದು, ಲೆಕ್ಕ ತೋರಿಸಬಹುದು, ಮುಂದೆ ಎಚ್ಚರ ವಹಿಸಬಹುದು. ಎರಡನೆಯ ಮಾತು ಮನುಷ್ಯನನ್ನೇ ಕುರಿತದ್ದು. ಅದಕ್ಕೆ ಉತ್ತರವಿಲ್ಲ, ತಿರುಗಿ ಬಯ್ಯುವುದು, ಇಲ್ಲವೆ ಮೌನವಾಗಿ ಎದ್ದು ಹೋಗುವುದು, ಎರಡೇ ದಾರಿ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಎಂಬವರು ದಂಪತಿಗಳು ಪರಸ್ಪರ ಮಾತನಾಡುವ ರೀತಿಯನ್ನು ಅನೇಕ ವರ್ಷ ಪರಿಶೀಲಿಸಿದರು. ದಾಂಪತ್ಯವನ್ನು ಹಾಳುಮಾಡುವ ನಾಲ್ಕು ನಡತೆಗಳನ್ನು ಅವರು ಗುರುತಿಸಿದ್ದಾರೆ: ವ್ಯಕ್ತಿಯನ್ನೇ ನಿಂದಿಸುವುದು, ತಿರಸ್ಕಾರದಿಂದ ಹೀಯಾಳಿಸುವುದು, ತನ್ನದೇನೂ ತಪ್ಪಿಲ್ಲವೆಂದು ಸಾಧಿಸುವುದು ಮತ್ತು ಮಾತು ಬಿಟ್ಟು ಗೋಡೆಯಂತೆ ಕುಳಿತುಬಿಡುವುದು. ಇವುಗಳಲ್ಲಿ ತಿರಸ್ಕಾರವು ಎಲ್ಲಕ್ಕಿಂತ ಹಾನಿಕರವಾದದ್ದು. ಸಾಮಾನ್ಯವಾಗಿ ಈ ನಾಲ್ಕೂ ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದನ್ನು ಬಾಗಿಲಲ್ಲೇ ತಡೆದರೆ ಉಳಿದವು ಒಳಗೆ ಬಾರವು.

2. ಧರ್ಮಗ್ರಂಥ ಓದುವವರಿಗೆ ಒಂದು ಮಾತು

ಬೈಬಲಿನ ಆದಿಕಾಂಡದ 3ನೆಯ ಅಧ್ಯಾಯವನ್ನು ನೀವು ಬಲ್ಲಿರಿ. ಮೊದಲ ಪುರುಷನನ್ನು ದೇವರು ಪ್ರಶ್ನಿಸಿದಾಗ ಅವನು ಹೆಂಡತಿಯ ಕಡೆ ಬೆರಳು ತೋರಿಸಿದನು. ಅವಳು ಸರ್ಪದ ಕಡೆ ಬೆರಳು ತೋರಿಸಿದಳು. ಲೋಕದ ಮೊದಲ ದಂಪತಿಗಳ ಕಥೆಯಲ್ಲಿಯೇ ದೂಷಣೆ ಬಂದಿದೆ. ಅದರಿಂದ ಇಬ್ಬರಲ್ಲಿ ಯಾರಿಗೂ ಬಿಡುಗಡೆ ದೊರೆಯಲಿಲ್ಲ ಎಂಬುದನ್ನೂ ಆ ಕಥೆ ಹೇಳುತ್ತದೆ.

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ಪ್ರಸಂಗವಿದೆ. ಇವನು ಕುರುಡನಾದದ್ದು ಯಾರ ಪಾಪದಿಂದ, ಇವನದೋ ಇವನ ತಂದೆ ತಾಯಿಗಳದೋ ಎಂದು ಶಿಷ್ಯರು ಕೇಳುತ್ತಾರೆ. ಯೇಸು ಅವೆರಡನ್ನೂ ಒಪ್ಪದೆ, ಅವನಿಗೆ ದೃಷ್ಟಿ ಕೊಡುವ ಕೆಲಸಕ್ಕೆ ಕೈ ಹಾಕುತ್ತಾರೆ. ವೈದ್ಯರಾದ ನಮಗೆ ಈ ಪ್ರಸಂಗವು ಬಹಳ ಪ್ರಿಯವಾದದ್ದು. ರೋಗಿಯು ಎದುರಿಗಿರುವಾಗ "ತಪ್ಪು ಯಾರದು?" ಎಂದು ಕೇಳಿದರೆ ರೋಗ ವಾಸಿಯಾಗದು. "ಕಾರಣವೇನು, ಈಗ ಮಾಡಬೇಕಾದದ್ದೇನು?" ಎಂದು ಕೇಳಬೇಕು. ಈ ಪಾಠದ ಸಾರವೆಲ್ಲ ಇಷ್ಟೇ. ಮುಂದಿನ ಭಾಗಗಳಲ್ಲಿ ಈ ಪ್ರಶ್ನೆಯನ್ನು ಒಂದೊಂದು ಸಂದರ್ಭಕ್ಕೂ ಅನ್ವಯಿಸಿ ನೋಡೋಣ.

3. ಹೆಣ್ಣು ಮಗು ಹುಟ್ಟಿದರೆ

ಎರಡನೆಯದೋ ಮೂರನೆಯದೋ ಮಗು ಹೆಣ್ಣಾದಾಗ ಬಾಣಂತಿಯು ಮಂಚದ ಮೇಲಿರುವಾಗಲೇ ದೂರು ಕೇಳಬೇಕಾಗುತ್ತದೆ. ಇದು ಅನ್ಯಾಯ ಮಾತ್ರವಲ್ಲ, ವಿಜ್ಞಾನಕ್ಕೆ ವಿರುದ್ಧವಾದದ್ದು.

ಮನುಷ್ಯನ ಶರೀರದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೊತೆ ವರ್ಣತಂತುಗಳಿರುತ್ತವೆ. ಅವುಗಳಲ್ಲಿ ಒಂದು ಜೊತೆ ಲಿಂಗವನ್ನು ನಿರ್ಧರಿಸುತ್ತದೆ. ಹೆಣ್ಣಿನಲ್ಲಿ ಆ ಜೊತೆಯ ಎರಡೂ ಎಕ್ಸ್ ಜಾತಿಯವು. ಗಂಡಿನಲ್ಲಿ ಒಂದು ಎಕ್ಸ್, ಇನ್ನೊಂದು ವೈ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಮಾತ್ರ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್ ಹೊತ್ತವು, ಉಳಿದರ್ಧ ವೈ ಹೊತ್ತವು. ಎಕ್ಸ್ ಹೊತ್ತ ವೀರ್ಯಾಣು ಅಂಡವನ್ನು ಸೇರಿದರೆ ಹೆಣ್ಣು. ವೈ ಹೊತ್ತದ್ದು ಸೇರಿದರೆ ಗಂಡು. ಈ ಲಿಂಗ ವರ್ಣತಂತುಗಳ ರಹಸ್ಯವನ್ನು 1905ರಲ್ಲಿ ಬೆಳಕಿಗೆ ತಂದವರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳಾ ವಿಜ್ಞಾನಿಯೂ ಒಬ್ಬರು.

ಹೊಲದಲ್ಲಿ ಜೋಳ ಬಿತ್ತಿ ತೊಗರಿ ಬರಲಿಲ್ಲವೆಂದು ಭೂಮಿಯನ್ನು ಬಯ್ಯುವ ರೈತನುಂಟೆ? ಹೆಂಡತಿಯನ್ನು ದೂರುವುದೂ ಅಂಥದ್ದೇ. ಆದರೆ ಇದನ್ನು ತಿಳಿದ ಮೇಲೆ ದೂಷಣೆಯನ್ನು ಗಂಡನ ತಲೆಗೆ ಹೊರಿಸುವುದೂ ಸರಿಯಲ್ಲ. ಯಾವ ವೀರ್ಯಾಣು ಮೊದಲು ಅಂಡವನ್ನು ಸೇರಬೇಕೆಂಬುದು ಅವನ ಇಚ್ಛೆಯಲ್ಲಿಲ್ಲ. ಇಲ್ಲಿ ತಪ್ಪೇ ನಡೆದಿಲ್ಲವಾದುದರಿಂದ ತಪ್ಪಿತಸ್ಥರೂ ಇಲ್ಲ. ಬಂದದ್ದು ಒಂದು ಮಗು, ಅಷ್ಟೇ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳು ಮಾತ್ರ ಇದ್ದರು. ಗರ್ಭದಲ್ಲಿಯ ಮಗುವಿನ ಲಿಂಗವನ್ನು ಪತ್ತೆ ಮಾಡುವುದನ್ನೂ ತಿಳಿಸುವುದನ್ನೂ 1994ರ ಕಾಯ್ದೆಯು ಅಪರಾಧವೆಂದು ಸಾರಿದೆ. ಮನೆಯಲ್ಲಿ ಆಡುವ ಒಂದು ದೂರಿನ ಮಾತೇ ಅಂತಹ ಅಪರಾಧಕ್ಕೆ ಮೊದಲ ಮೆಟ್ಟಿಲಾಗುತ್ತದೆ ಎಂಬುದನ್ನು ಮರೆಯಬೇಡಿರಿ.

4. ಮಕ್ಕಳಾಗದಿದ್ದರೆ

ಮದುವೆಯಾಗಿ ಒಂದು ವರ್ಷ, ಯಾವ ತಡೆಯೂ ಇಲ್ಲದೆ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಯ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಕಾಣಬೇಕು. ಲೋಕದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದ ಯಾವುದೋ ಒಂದು ಕಾಲದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿದೆ. ಅಂದರೆ ಇದು ಅಪರೂಪದ ಶಾಪವಲ್ಲ, ಸಾಮಾನ್ಯವಾದ ಒಂದು ಆರೋಗ್ಯ ಸಮಸ್ಯೆ.

ಕಾರಣವು ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಕೆಲವರಲ್ಲಿ ಎಷ್ಟು ಪರೀಕ್ಷಿಸಿದರೂ ಕಾರಣ ತಿಳಿಯದೆಯೂ ಇರಬಹುದು. ಹೀಗಿದ್ದರೂ ನಮ್ಮ ಹಳ್ಳಿಗಳಲ್ಲಿ ಪರೀಕ್ಷೆಗೆ ಒಬ್ಬಳೇ ಬರುತ್ತಾಳೆ, ಜೊತೆಗೆ ತಾಯಿಯೋ ಅತ್ತೆಯೋ ಬರುತ್ತಾರೆ. ಗಂಡನು ಬರುವುದಿಲ್ಲ. ಹೆಂಡತಿಗೆ ನಾನಾ ಬಗೆಯ ಪರೀಕ್ಷೆ, ಮದ್ದು, ಹರಕೆಗಳಲ್ಲಿ ವರ್ಷಗಳು ಕಳೆದುಹೋಗುತ್ತವೆ. ಗಂಡನ ವೀರ್ಯ ಪರೀಕ್ಷೆಯಾದರೋ ನೋವಿಲ್ಲದ, ಕಡಿಮೆ ಖರ್ಚಿನ, ಒಂದೇ ದಿನದಲ್ಲಿ ಮುಗಿಯುವ ಪರೀಕ್ಷೆ. ಎರಡರಿಂದ ಏಳು ದಿನಗಳ ಕಾಲ ಸಂಯಮದಿಂದಿದ್ದು ಮಾದರಿಯನ್ನು ಕೊಟ್ಟರೆ ಸಾಕು. ಆದುದರಿಂದ ಮೊದಲ ಭೇಟಿಯಲ್ಲಿಯೇ ಇಬ್ಬರೂ ಜೊತೆಯಾಗಿ ಬರತಕ್ಕದ್ದು.

ವೀರ್ಯಾಣುಗಳು ಹುಟ್ಟಿ ಬಲಿಯಲು ಸುಮಾರು ಎರಡೂವರೆ ಮೂರು ತಿಂಗಳು ಬೇಕು. ಬೀಡಿ, ಗುಟಕಾ, ಹೆಂಡ ಇವುಗಳನ್ನು ಬಿಟ್ಟರೆ ಅದರ ಫಲ ಕಾಣಲು ಅಷ್ಟು ಕಾಲ ಕಾಯಬೇಕು. ಹೆಂಡತಿಯಲ್ಲಿ ಅಂಡೋತ್ಪತ್ತಿಯ ದೋಷ, ಗರ್ಭನಾಳದ ಅಡಚಣೆ, ಗರ್ಭಕೋಶದ ಕ್ಷಯ ಮೊದಲಾದವುಗಳು ಕಾರಣವಾಗಿರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಉಂಟು.

ತೊಗರಿ ಬೆಳೆಯುವ ನೀವು ಗೊಡ್ಡು ರೋಗವನ್ನು ಕಂಡಿದ್ದೀರಿ. ಗಿಡ ಹಸಿರಾಗಿ ನಿಂತಿರುತ್ತದೆ, ಆದರೆ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಅದು ಕಣ್ಣಿಗೆ ಕಾಣದ ನುಸಿಯು ಹರಡುವ ನಂಜು ರೋಗವೆಂದು ಕೃಷಿ ಅಧಿಕಾರಿಗಳು ತಿಳಿಸುತ್ತಾರೆ. ನೀವು ಅದಕ್ಕೆ ತಕ್ಕ ಉಪಾಯ ಮಾಡುತ್ತೀರಿ. ಹೊಲವನ್ನು ಹೀಗಳೆಯುತ್ತ ಕೂಡುವುದಿಲ್ಲ. ಗಿಡದ ವಿಷಯದಲ್ಲಿ ತೋರುವ ಈ ವಿವೇಕವನ್ನು ಮನೆಯೊಡತಿಯ ವಿಷಯದಲ್ಲಿಯೂ ತೋರಿಸಬೇಕಲ್ಲವೆ? ಬಂಜೆ ಎಂಬ ಶಬ್ದವನ್ನು ಮನೆಯಿಂದ ಹೊರಗೆ ಹಾಕಿರಿ.

ಎಲ್ಲ ಚಿಕಿತ್ಸೆಯ ನಂತರವೂ ಕೆಲವರಿಗೆ ಮಕ್ಕಳಾಗದಿರಬಹುದು. ಅಂಥ ದಾಂಪತ್ಯ ಅಪೂರ್ಣವೆಂದು ಯಾವ ವೈದ್ಯಗ್ರಂಥವೂ ಹೇಳುವುದಿಲ್ಲ. ಕ್ರೈಸ್ತ ವಿವಾಹದಲ್ಲಿ ವಧೂವರರು ಮಾಡುವ ಪ್ರತಿಜ್ಞೆಯೂ ಸುಖ ದುಃಖಗಳಲ್ಲಿ, ಆರೋಗ್ಯ ಅನಾರೋಗ್ಯಗಳಲ್ಲಿ ಜೊತೆಗಿರುವೆವೆಂಬ ಪ್ರತಿಜ್ಞೆಯೇ ಹೊರತು ಮಕ್ಕಳಾದರೆ ಮಾತ್ರ ಎಂಬ ಷರತ್ತಲ್ಲ. ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳುವ ಮಾರ್ಗವೂ ಎಲ್ಲ ಧರ್ಮದವರಿಗೂ ತೆರೆದಿದೆ.

5. ಶಸ್ತ್ರಚಿಕಿತ್ಸೆಯ ನಂತರ ಗರ್ಭ ನಿಂತರೆ

ಇದು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದ ಭಾಗ. ಸರಿಯಾದ ತಿಳಿವಳಿಕೆ ಇಲ್ಲದೆ ಇಂಥ ಸಂದರ್ಭದಲ್ಲಿ ಸಂಸಾರಗಳು ಮುರಿದುಬೀಳುತ್ತವೆ.

ಉದಾಹರಣೆಗೆ, ಎರಡು ಮಕ್ಕಳ ತಂದೆಯೊಬ್ಬನು ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಾನೆ. ಎರಡು ತಿಂಗಳಲ್ಲಿ ಹೆಂಡತಿಗೆ ಮುಟ್ಟು ನಿಲ್ಲುತ್ತದೆ. ಗಂಡನ ಮನಸ್ಸಿನಲ್ಲಿ ಸಂದೇಹ ಹುಟ್ಟುತ್ತದೆ, ನೆರೆಹೊರೆಯವರು ಅದಕ್ಕೆ ಉಪ್ಪು ಖಾರ ಹಚ್ಚುತ್ತಾರೆ. ಹೆಂಡತಿಯ ಶೀಲದ ಮೇಲೆಯೇ ಅಪವಾದ ಬರುತ್ತದೆ.

ನಿಜವಾದ ಕಾರಣವೇನು? ಈ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣುಗಳು ಸಾಗುವ ನಾಳವನ್ನು ಮುಚ್ಚುತ್ತಾರೆ. ಆದರೆ ಮುಚ್ಚಿದ ಸ್ಥಳದಿಂದ ಮುಂದೆ ಈಗಾಗಲೇ ಸೇರಿಕೊಂಡಿರುವ ವೀರ್ಯಾಣುಗಳು ಒಮ್ಮೆಲೇ ಇಲ್ಲವಾಗುವುದಿಲ್ಲ. ಕಾಲುವೆಯ ತೂಬನ್ನು ಮುಚ್ಚಿದರೂ ಕಾಲುವೆಯಲ್ಲಿ ಉಳಿದ ನೀರು ಸ್ವಲ್ಪ ಕಾಲ ಹರಿಯುವಂತೆ ಇದು. ಆದುದರಿಂದ ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳವರೆಗೆ ನಿರೋಧ್ ಅಥವಾ ಇನ್ನೊಂದು ವಿಧಾನವನ್ನು ತಪ್ಪದೆ ಬಳಸಬೇಕು. ಮೂರು ತಿಂಗಳಾದ ಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ವೈದ್ಯರು ತಿಳಿಸಿದ ನಂತರವೇ ಅದನ್ನು ಬಿಡಬೇಕು. ಅಪರೂಪಕ್ಕೆ ಮುಚ್ಚಿದ ನಾಳ ತಾನಾಗಿ ಕೂಡಿಕೊಳ್ಳುವುದೂ ಉಂಟು. ಆದುದರಿಂದ ಹೆಂಡತಿ ಗರ್ಭಿಣಿಯಾದಳೆಂದರೆ ಮೊದಲು ಆಗಬೇಕಾದದ್ದು ಗಂಡನ ವೀರ್ಯ ಪರೀಕ್ಷೆಯೇ ಹೊರತು ಪಂಚಾಯಿತಿಯಲ್ಲ.

ಹೆಂಗಸರ ಶಸ್ತ್ರಚಿಕಿತ್ಸೆಯೂ ನೂರಕ್ಕೆ ನೂರು ಖಚಿತವಾದದ್ದಲ್ಲ. ಮೊದಲ ವರ್ಷದಲ್ಲಿ 1000 ಮಂದಿಯಲ್ಲಿ ಸುಮಾರು 5 ಮಂದಿಗೆ ಗರ್ಭ ನಿಲ್ಲಬಹುದು. ಶಸ್ತ್ರಚಿಕಿತ್ಸೆಯಾದವಳಿಗೆ ಮುಟ್ಟು ತಪ್ಪಿ ಹೊಟ್ಟೆ ನೋವು, ತಲೆ ಸುತ್ತು ಅಥವಾ ರಕ್ತಸ್ರಾವ ಕಂಡರೆ ಗರ್ಭವು ನಾಳದಲ್ಲಿ ನಿಂತಿರುವ ಸಂಭವವುಂಟು. ಅದು ಪ್ರಾಣಾಪಾಯದ ಸ್ಥಿತಿ. ನಾಚಿಕೆಯಿಂದಲೋ ಬೈಗುಳದ ಭಯದಿಂದಲೋ ಮುಚ್ಚಿಡದೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು. ಮನೆಯಲ್ಲಿ ದೂಷಣೆಯ ಭಯವಿದ್ದರೆ ಅವಳು ಹೇಳುವುದಿಲ್ಲ. ಹೇಳದಿದ್ದರೆ ಪ್ರಾಣವೇ ಹೋಗಬಹುದು. ಶಸ್ತ್ರಚಿಕಿತ್ಸೆ ವಿಫಲವಾದರೆ ಸರ್ಕಾರದಿಂದ ಪರಿಹಾರಕ್ಕೂ ಅವಕಾಶವಿದೆ. ತಡಮಾಡದೆ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರದೊಡನೆ ಆಸ್ಪತ್ರೆಯನ್ನು ಸಂಪರ್ಕಿಸಿರಿ.

ರೋಮನ್ ಕ್ಯಾಥೊಲಿಕ್ ಸಭೆಯು ಶಸ್ತ್ರಚಿಕಿತ್ಸೆಯನ್ನು ಒಪ್ಪುವುದಿಲ್ಲ; ದಿನಗಳ ಲೆಕ್ಕದ ನೈಸರ್ಗಿಕ ವಿಧಾನವನ್ನು ಒಪ್ಪುತ್ತದೆ. ಯಾವ ವಿಧಾನವನ್ನು ಅನುಸರಿಸಬೇಕೆಂಬುದು ದಂಪತಿಗಳ ಸ್ವಂತ ತೀರ್ಮಾನ. ಮುಟ್ಟು 26ರಿಂದ 32 ದಿನಗಳಿಗೊಮ್ಮೆ ಕ್ರಮವಾಗಿ ಬರುವವರಲ್ಲಿ, ಮುಟ್ಟಿನ ಮೊದಲ ದಿನದಿಂದ ಎಣಿಸಿ 8ನೆಯ ದಿನದಿಂದ 19ನೆಯ ದಿನದವರೆಗೆ ಗರ್ಭ ನಿಲ್ಲುವ ಸಂಭವ ಹೆಚ್ಚು. ಆ ದಿನಗಳಲ್ಲಿ ಸಂಯಮದಿಂದಿರುವುದು ಈ ವಿಧಾನದ ತಿರುಳು. ಲೆಕ್ಕವನ್ನು ಹೆಂಡತಿ ಇಡಬಹುದು, ಆದರೆ ಸಂಯಮವು ಇಬ್ಬರದೂ ಆಗಿರಬೇಕು. ಗರ್ಭ ನಿಂತಾಗ "ಲೆಕ್ಕ ತಪ್ಪಿದವಳು ನೀನು" ಎನ್ನುವ ಗಂಡನು ತನ್ನ ಪಾಲನ್ನು ಮರೆತವನು.

ಹೊಣೆ ಹೊರುವುದರಲ್ಲಿಯೂ ಸಮಾನತೆ ಬೇಕು. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಸಂಖ್ಯೆ ನೂರಕ್ಕೆ ಒಂದೂ ಇಲ್ಲ. 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಲೋಕಕ್ಕೆ ದಾರಿ ತೋರಿದ ಮೈಸೂರು ಸಂಸ್ಥಾನ ಸೇರಿರುವ ನಾಡು ನಮ್ಮದು. ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದಕ್ಕಿಂತ ಸುಲಭ. ಕತ್ತಿ ಹಾಕದೆ, ಹೊಲಿಗೆ ಇಲ್ಲದೆ ಮಾಡುವ ವಿಧಾನವಿದೆ. ಅದರಿಂದ ದುಡಿಯುವ ಶಕ್ತಿಯೂ ಪುರುಷತ್ವವೂ ಕುಂದುವುದಿಲ್ಲ.

6. "ಸೋಮಾರಿ" ಎನ್ನುವ ಮೊದಲು

"ಮಧ್ಯಾಹ್ನವಾದರೆ ಸಾಕು, ಮಲಗುತ್ತಾಳೆ." "ಎರಡು ಕೊಡ ನೀರು ತಂದರೆ ಏದುತ್ತಾಳೆ." ಇಂಥ ದೂರುಗಳ ಹಿಂದೆ ಬಹಳ ಸಲ ಸೋಮಾರಿತನವಿರುವುದಿಲ್ಲ, ರಕ್ತಹೀನತೆ ಇರುತ್ತದೆ. ಮೇಲೆ ಹೇಳಿದ ಸಮೀಕ್ಷೆಯಂತೆ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿಯ ಹಿಮೊಗ್ಲೋಬಿನ್ ಹೆಂಗಸಿಗೆ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ, ಗಂಡಸಿಗೆ 13 ಗ್ರಾಂಗಿಂತ ಕಡಿಮೆ ಇರಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತದಿಂದ ಇದನ್ನು ತಿಳಿಯಬಹುದು.

ಗರ್ಭಿಣಿಯು 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು. ಮಾತ್ರೆಯನ್ನು ಚಹಾದೊಡನೆ ನುಂಗಬಾರದು. ನಿಂಬೆಯ ಪಾನಕದೊಡನೆ ನುಂಗಿದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಜೋಳದ ರೊಟ್ಟಿಯೊಡನೆ ಪುಂಡಿ ಪಲ್ಯ, ಮೆಂತ್ಯ, ನುಗ್ಗೆ ಸೊಪ್ಪು, ತೊಗರಿ, ಹೆಸರು, ಶೇಂಗಾ ಇವು ನಮ್ಮ ಸೀಮೆಯಲ್ಲಿಯೇ ದೊರೆಯುವ ಒಳ್ಳೆಯ ಆಹಾರ. ಮಾಂಸಾಹಾರಿಗಳಿಗೆ ಮೊಟ್ಟೆ, ಮಾಂಸ, ಮೀನುಗಳೂ ಉಂಟು. ಆದರೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಇರುವತನಕ ಈ ಆಹಾರ ಅವಳಿಗೆ ದೊರೆಯದು. ಗಂಡ ಹೆಂಡತಿ ಜೊತೆಗೆ ಕುಳಿತು ಉಣ್ಣುವುದು ಒಂದು ಔಷಧವೇ ಸರಿ.

ಬಾಣಂತಿಯು ಎರಡು ವಾರಕ್ಕಿಂತ ಹೆಚ್ಚು ಕಾಲ ಅಳುತ್ತಿದ್ದರೆ, ನಿದ್ರೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸಿಲ್ಲವೆಂದರೆ "ತಾಯಿ ಎಂಥವಳು" ಎಂದು ಹಳಿಯಬೇಡಿರಿ. ಹೆರಿಗೆಯ ನಂತರ ಬರುವ ಖಿನ್ನತೆಯು ಒಂದು ರೋಗ, ಅದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

7. ಬೆಳೆ ಕೆಟ್ಟಾಗ, ಕುಡಿತ ಬಂದಾಗ

ದೂಷಣೆಯು ಬಡತನದ ಕಾಲದಲ್ಲಿ ಹೆಚ್ಚುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ತಗುಲಿ ಅಪಾರ ಹಾನಿಯಾಯಿತು. ಸಾಲ ಮೈಮೇಲೆ ಬಂದಾಗ "ನೀ ಕಾಲಿಟ್ಟ ಗಳಿಗೆಯೇ ಕೆಟ್ಟದ್ದು" ಎಂದು ಗಂಡನೂ, "ನಿಮ್ಮನ್ನು ಕಟ್ಟಿಕೊಂಡು ಕೆಟ್ಟೆ" ಎಂದು ಹೆಂಡತಿಯೂ ಆಡುವುದುಂಟು. ನೆಟೆ ರೋಗವು ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಹೆಂಡತಿಯ ಕಾಲ್ಗುಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಮುಂಬಯಿ, ಪುಣೆಗಳಿಗೆ ದುಡಿಯಲು ಹೋದ ಗಂಡನ ಮತ್ತು ಊರಿನಲ್ಲಿ ಉಳಿದ ಹೆಂಡತಿಯ ನಡುವೆ ಫೋನಿನಲ್ಲಿ ನಡೆಯುವ ಮಾತೂ ಬಹುಪಾಲು ದುಡ್ಡಿನ ತಕರಾರೇ ಆಗುತ್ತದೆ. ವಾರಕ್ಕೊಮ್ಮೆಯಾದರೂ ಲೆಕ್ಕದ ಮಾತಿಲ್ಲದೆ ಯೋಗಕ್ಷೇಮ ವಿಚಾರಿಸಿರಿ.

ಕುಡಿಯುವ ಗಂಡನು "ನಿನ್ನ ಕಿರಿಕಿರಿಯಿಂದಲೇ ಕುಡಿಯುತ್ತೇನೆ" ಎನ್ನುವುದು ಸಾಮಾನ್ಯ. ಇದನ್ನು ನಂಬಬೇಡಿರಿ. ಕುಡಿತದ ಚಟವು ಮಿದುಳಿನ ಮೇಲೆ ಹಿಡಿತ ಸಾಧಿಸುವ ಒಂದು ರೋಗ. ಅದಕ್ಕೆ ಹೆಂಡತಿಯ ಮಾತು ಕಾರಣವಲ್ಲ. ಹಾಗೆಯೇ ಬೈಗುಳದಿಂದ ಆ ಚಟ ಬಿಡುವುದೂ ಇಲ್ಲ. ಕುಡಿಯದಿದ್ದ ಹೊತ್ತಿನಲ್ಲಿ ಶಾಂತವಾಗಿ ಮಾತನಾಡಿ ಆಸ್ಪತ್ರೆಗೆ ಕರೆತನ್ನಿರಿ. ದಿನವೂ ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಕ, ಮೂರ್ಛೆ, ಭ್ರಮೆ ಉಂಟಾಗಿ ಅಪಾಯವಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡತಕ್ಕದ್ದು.

ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಹೊಡೆತವು ಗಂಡ ಹೆಂಡಿರ ಜಗಳವಲ್ಲ, ಅಪರಾಧ. ತಾಳ್ಮೆ, ಕ್ಷಮೆಗಳ ಹೆಸರಿನಲ್ಲಿ ಹೊಡೆತವನ್ನು ಸಹಿಸಿಕೊಂಡಿರೆಂದು ಯಾರೂ ಉಪದೇಶಿಸಬಾರದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು ಮೈಮೇಲಿನ ಹೊಡೆತವನ್ನಷ್ಟೇ ಅಲ್ಲ, ಮಕ್ಕಳಾಗಲಿಲ್ಲವೆಂದೋ ಗಂಡು ಹುಟ್ಟಲಿಲ್ಲವೆಂದೋ ಹೀಯಾಳಿಸುವ ಮಾತನ್ನೂ ಹಿಂಸೆಯೆಂದೇ ಪರಿಗಣಿಸಿದೆ. ಸಹಾಯಕ್ಕೆ 181, ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಕಾನೂನು ಸಹ ಕಾಲಕ್ರಮದಲ್ಲಿ ತಿದ್ದಿಕೊಂಡಿದೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನು ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಾಗಿತ್ತು; ಹೆಂಡತಿಯು ಅದರ ಜೊತೆಗೆ ಕ್ರೌರ್ಯ, ಪರಿತ್ಯಾಗ ಮೊದಲಾದ ಇನ್ನೊಂದು ತಪ್ಪನ್ನೂ ತೋರಿಸಬೇಕಾಗಿತ್ತು. 2001ರ ತಿದ್ದುಪಡಿಯು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಕಾಯ್ದೆಗೆ ಸಾಧ್ಯವಾದದ್ದು ಮನೆಗೆ ಸಾಧ್ಯವಾಗದೆ?

8. ಹಿರಿಯರ ಹೊಣೆ

ಅತ್ತೆ ಮಾವಂದಿರು, ಸಭಾಪಾಲಕರು, ಸಭೆಯ ಹಿರಿಯರು ಇವರ ಒಂದು ಮಾತಿಗೆ ಬಹಳ ತೂಕವಿದೆ. ಬೈಬಲಿನಲ್ಲಿ ಹನ್ನಳ ಕಥೆಯಿದೆ. ಮಕ್ಕಳಿಲ್ಲವೆಂದು ಸವತಿ ಅವಳನ್ನು ಕೆಣಕುತ್ತಿದ್ದಳು. ದೇವಾಲಯದಲ್ಲಿ ಅವಳು ತುಟಿ ಮಾತ್ರ ಅಲುಗಿಸುತ್ತ ಮೌನವಾಗಿ ಪ್ರಾರ್ಥಿಸುವುದನ್ನು ಕಂಡ ಯಾಜಕ ಏಲಿಯು ಅವಳು ಕುಡಿದಿದ್ದಾಳೆಂದು ಭಾವಿಸಿ ಗದರಿಸಿದನು. ಅವಳು ತನ್ನ ದುಃಖವನ್ನು ಹೇಳಿಕೊಂಡಾಗ ಅವನು ಕೇಳಿದನು, ತನ್ನ ಮಾತನ್ನು ಬದಲಿಸಿ ಹರಸಿದನು. ಮುಂದೆ ಅವಳಿಗೆ ಮಗುವಾದದ್ದು ಕಥೆಯ ಒಂದು ಭಾಗ. ಕೇಳದೆ ದೂರಿದ ಹಿರಿಯನು ಕೇಳಿದ ಮೇಲೆ ತಿದ್ದಿಕೊಂಡನೆಂಬುದು ನಮ್ಮ ಹಿರಿಯರು ಗಮನಿಸತಕ್ಕ ಭಾಗ. ನಿಮ್ಮ ಬಳಿಗೆ ದಂಪತಿಗಳು ದೂರು ತಂದಾಗ ತೀರ್ಪು ಕೊಡುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿರಿ. ಆರೋಗ್ಯದ ವಿಷಯವಿದ್ದರೆ ಆಸ್ಪತ್ರೆಗೆ ಕಳುಹಿಸಿರಿ.

9. ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ಒಂದು: ಸಿಟ್ಟು ಬಂದಾಗ ಎದೆ ಬಡಿತ ಹೆಚ್ಚುತ್ತದೆ, ವಿವೇಕ ಮಸುಕಾಗುತ್ತದೆ. ಆಗ ಅರ್ಧ ಗಂಟೆ ಮಾತು ನಿಲ್ಲಿಸಿರಿ. ಆದರೆ "ಆಮೇಲೆ ಮಾತನಾಡೋಣ" ಎಂದು ಹೇಳಿ ನಿಲ್ಲಿಸಿರಿ, ಹೇಳಿದಂತೆ ಮಾತನಾಡಿರಿ.

ಎರಡು: "ನೀನು ಯಾವಾಗಲೂ", "ನೀವು ಎಂದೂ" ಎಂಬ ಪದಗಳಿಂದ ಮಾತು ಆರಂಭಿಸಬೇಡಿರಿ. ನಡೆದದ್ದೇನು, ಅದರಿಂದ ನನಗಾದ ತೊಂದರೆ ಏನು, ಮುಂದೆ ಹೇಗಾದರೆ ಒಳ್ಳೆಯದು ಎಂಬ ಮೂರನ್ನು ಹೇಳಿರಿ.

ಮೂರು: ತವರು ಮನೆಯನ್ನಾಗಲಿ, ಅತ್ತೆಯ ಮನೆಯನ್ನಾಗಲಿ ಜಗಳದಲ್ಲಿ ಎಳೆಯಬೇಡಿರಿ. ಮಕ್ಕಳ ಮುಂದೆ, ನೆರೆಯವರ ಮುಂದೆ ಒಬ್ಬರನ್ನೊಬ್ಬರು ಹೀಯಾಳಿಸಬೇಡಿರಿ.

ನಾಲ್ಕು: ಸಂಗಾತಿಯ ತಪ್ಪು ಹೇಳುವ ದಿನ ನಿಮ್ಮ ಪಾಲಿನದನ್ನೂ ಒಂದು ಹೇಳಿರಿ. ಮಾಡಿದ ಒಳ್ಳೆಯ ಕೆಲಸವನ್ನು ಹೆಸರು ಹಿಡಿದು ಮೆಚ್ಚಿರಿ. "ಈ ದಿನ ರೊಟ್ಟಿ ಚೆನ್ನಾಗಿತ್ತು", "ಮಗುವನ್ನು ನೀವೇ ಆಸ್ಪತ್ರೆಗೆ ಕರೆದೊಯ್ದದ್ದು ದೊಡ್ಡ ಉಪಕಾರವಾಯಿತು" ಎನ್ನಲು ಖರ್ಚು ಏನೂ ಇಲ್ಲ.

ಐದು: ಆರೋಗ್ಯದ ಯಾವುದೇ ತೊಂದರೆಗೆ ಇಬ್ಬರೂ ಕೂಡಿ ಬನ್ನಿರಿ. ಊರಿನ ಆಶಾ ಕಾರ್ಯಕರ್ತೆ, ಉಪಕೇಂದ್ರದ ಆರೋಗ್ಯ ಸಹಾಯಕಿ, ಆಳಂದ, ಅಫಜಲಪುರ, ಜೇವರ್ಗಿಗಳ ತಾಲೂಕು ಆಸ್ಪತ್ರೆಗಳು ನಿಮ್ಮ ಸೇವೆಗಾಗಿಯೇ ಇವೆ. ನೀವು ಹೇಳಿದ ಗುಟ್ಟನ್ನು ಕಾಪಾಡುವುದು ನಮ್ಮ ಕರ್ತವ್ಯ.

ನೆನಪಿನಲ್ಲಿಡಿರಿ

ಮಗುವಿನ ಲಿಂಗಕ್ಕೆ ಯಾರೂ ತಪ್ಪಿತಸ್ಥರಲ್ಲ. ಮಕ್ಕಳಾಗದಿದ್ದರೆ ಪರೀಕ್ಷೆ ಇಬ್ಬರಿಗೂ ಬೇಕು. ಗಂಡಸಿನ ಶಸ್ತ್ರಚಿಕಿತ್ಸೆ ಫಲಿಸಲು ಮೂರು ತಿಂಗಳು ಬೇಕು, ಅಷ್ಟರಲ್ಲಿ ಗರ್ಭ ನಿಂತರೆ ಹೆಂಡತಿಯನ್ನು ಶಂಕಿಸಬೇಡಿರಿ. ಆಯಾಸಕ್ಕೆ ರಕ್ತಹೀನತೆ ಕಾರಣವಾಗಿರಬಹುದು. ಹೊಡೆತಕ್ಕೆ ಸಮರ್ಥನೆಯಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವಾರ ನಿಮ್ಮ ಮನೆಯಲ್ಲಿ ನಡೆದ ಒಂದು ಜಗಳವನ್ನು ನೆನೆಯಿರಿ. ಅದರಲ್ಲಿ ಸಂಗತಿಯನ್ನು ಕುರಿತ ಮಾತು ಯಾವುದು, ವ್ಯಕ್ತಿಯನ್ನು ಕುರಿತ ಮಾತು ಯಾವುದು?

2. ಹೆಣ್ಣು ಮಗು ಹುಟ್ಟಿದ ಮನೆಗೆ ಹೋದಾಗ ನೀವು ಯಾವ ಮಾತನ್ನು ಆಡುವಿರಿ?

3. ಮಕ್ಕಳಿಲ್ಲದ ನೆರೆಯ ದಂಪತಿಗಳಿಗೆ ಯಾವ ಸಲಹೆ ಕೊಡುವಿರಿ? ಯಾವ ಮಾತನ್ನು ಆಡದಿರುವಿರಿ?

4. ನಿಮ್ಮಿಬ್ಬರ ಹಿಮೊಗ್ಲೋಬಿನ್ ಎಷ್ಟಿದೆ? ತಿಳಿಯದಿದ್ದರೆ ಪರೀಕ್ಷೆಗೆ ಯಾವ ದಿನ ಜೊತೆಯಾಗಿ ಹೋಗುವಿರಿ?